ಪಿಇಟಿ ಫಿಲ್ಮ್: ಗೆರೆ ನೇರ ಬಂತು, ಆದರೆ ಷಾಟ್ಕಿನಾ ಪೂಲ್-ಫ್ರೆಂಕೆಲಾ?

ಫಿಲ್ಮ್_ಹುಡುಗಿ
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿನಲ್ಲಿ ಒಂದು ಕಡೆ ಸಿಕ್ಕಿಕೊಂಡಿದ್ದೇನೆ.

ಸ್ಯಾಂಪಲ್: 12 ಮೈಕ್ರಾನ್ ಪಿಇಟಿ ಫಿಲ್ಮ್. ಎರಡೂ ಕಡೆ ಅಲ್ಯೂಮಿನಿಯಂ ಲೇಪನ, ಎಲೆಕ್ಟ್ರೋಡ್ 10 ಚದರ ಸೆಂಟಿಮೀಟರ್. ಉಷ್ಣತೆ 27 ಡಿಗ್ರಿ. 480 ವೋಲ್ಟಿನಿಂದ ಶುರು ಮಾಡಿ ಹಂತ ಹಂತವಾಗಿ 1440ರವರೆಗೆ ಏರಿಸಿದೆ. ಅಂದರೆ ಫೀಲ್ಡ್ ಮೈಕ್ರಾನಿಗೆ 40 ವೋಲ್ಟಿನಿಂದ 120 ವೋಲ್ಟ್. ಪ್ರತಿ ಹಂತದಲ್ಲೂ 1 ನಿಮಿಷ ಕಾದು ಕರೆಂಟ್ ಓದಿದೆ. ಕೆಳಗಿನ ತುದಿಯಲ್ಲಿ 20 ಪಿಕೋ ಆಂಪಿಯರ್, ಮೇಲಿನ ತುದಿಯಲ್ಲಿ 5 ನ್ಯಾನೋ ಆಂಪಿಯರ್. ವೋಲ್ಟೇಜ್ 3 ಪಟ್ಟು ಆದರೆ ಕರೆಂಟ್ 250 ಪಟ್ಟು! ಓಂ ನಿಯಮಕ್ಕೆ ಇಲ್ಲಿ ಜಾಗವೇ ಇಲ್ಲ.

ಕರೆಂಟಿನ ಲಾಗ್ ತೆಗೆದು ಫೀಲ್ಡಿನ ವರ್ಗಮೂಲದ ಎದುರು ಗ್ರಾಫ್ ಹಾಕಿದೆ. ಹೆಚ್ಚುಕಡಿಮೆ ನೇರ ಗೆರೆ. ಫೀಲ್ಡನ್ನು ಮೀಟರಿಗೆ ಇಷ್ಟು ವೋಲ್ಟ್ ಅಂತ ಹಿಡಿದರೆ ಇಳಿಜಾರು 0.0012. ಷಾಟ್ಕಿ (ಎಲೆಕ್ಟ್ರಾನ್ ಲೋಹದಿಂದ ಫಿಲ್ಮಿಗೆ ನುಗ್ಗುವುದು) ಆಗಿದ್ದರೆ 0.0009ರ ಹತ್ತಿರ ಬರಬೇಕು, ಪೂಲ್-ಫ್ರೆಂಕೆಲ್ (ಫಿಲ್ಮಿನೊಳಗೆ ಸಿಕ್ಕಿಬಿದ್ದ ಎಲೆಕ್ಟ್ರಾನ್ ತಪ್ಪಿಸಿಕೊಳ್ಳುವುದು) ಆಗಿದ್ದರೆ 0.0018. ನನ್ನದು ನಡುವೆ ಕೂತಿದೆ. ಗೈಡ್ ಶುಕ್ರವಾರದೊಳಗೆ ಯಾವುದು ಅಂತ ಹೇಳು ಎನ್ನುತ್ತಿದ್ದಾರೆ. ಏನು ಬರೆಯಲಿ?

ಸುಮ್ನೆ_ಓದುಗ
ಅಡ್ಡ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಪಿಇಟಿ ಅಂದರೆ ನೀರಿನ ಬಾಟಲಿ ಪ್ಲಾಸ್ಟಿಕ್ ಅಲ್ವಾ? ಪ್ಲಾಸ್ಟಿಕ್ಕಿನಲ್ಲಿ ಕರೆಂಟ್ ಹರಿಯೋದೇ ಇಲ್ಲ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಮತ್ತೆ ಈ 5 ನ್ಯಾನೋ ಎಲ್ಲಿಂದ ಬಂತು? ಜೊತೆಗೆ ಇನ್ನೊಂದು. ನಮ್ಮ ಮನೆ ಸೀಲಿಂಗ್ ಫ್ಯಾನ್ ನಿಧಾನ ಆಗಿತ್ತು. ಕೆಪಾಸಿಟರ್ ಹೋಗಿದೆ, ಒಳಗೆ ಇದೇ ಥರ ಫಿಲ್ಮ್ ಇರುತ್ತೆ ಅಂತ ಎಲೆಕ್ಟ್ರಿಷಿಯನ್ ಹೇಳಿದ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಫಿಸಿಕ್ಸ್_ಮೇಷ್ಟ್ರು
ಶಾಲೆಯಲ್ಲಿ ಹೇಳಿದ್ದು ಸುಳ್ಳಲ್ಲ, ಅರ್ಧ ನಿಜ.

ಪಾಲಿಥೀನ್ ತೆಗೆದುಕೊಳ್ಳಿ. ಅದರ ಎಲೆಕ್ಟ್ರಾನುಗಳು ಬಾಂಡಿನಿಂದ ಬಿಡಿಸಿಕೊಂಡು ಓಡಾಡಲು 8 ಎಲೆಕ್ಟ್ರಾನ್ ವೋಲ್ಟ್‌ಗೂ ಜಾಸ್ತಿ ಶಕ್ತಿ ಬೇಕು. ಸಿಲಿಕಾನ್‌ನಲ್ಲಿ 1.1 ಸಾಕು. ಕೋಣೆಯ ಬಿಸಿ ಕೊಡುವುದು ಸುಮಾರು 0.026. ಆ ಲೆಕ್ಕದಲ್ಲಿ ಒಂದು ಎಲೆಕ್ಟ್ರಾನೂ ಕದಲಬಾರದು.

ಆದರೆ ನಿಜವಾದ ಫಿಲ್ಮ್ ಪುಸ್ತಕದ ಚಿತ್ರದಷ್ಟು ಚೊಕ್ಕ ಇರುವುದಿಲ್ಲ. ಸ್ವಲ್ಪ ಜಾಗದಲ್ಲಿ ಸರಪಳಿಗಳು ಅಚ್ಚುಕಟ್ಟಾಗಿ ಮಡಚಿ ಕೂತಿರುತ್ತವೆ, ಉಳಿದ ಕಡೆ ಶ್ಯಾವಿಗೆ ಥರ ಸಿಕ್ಕುಸಿಕ್ಕು. ಸರಪಳಿ ತುಂಡಾದ ತುದಿ, ಆಕ್ಸಿಡೈಸ್ ಆದ ಜಾಗ, ತಯಾರಿಸುವಾಗ ಉಳಿದ ಕ್ಯಾಟಲಿಸ್ಟ್ ಚೂರು, ಹೀರಿದ ತೇವ. ಇವೆಲ್ಲ ಎಲೆಕ್ಟ್ರಾನಿಗೆ ಗುಂಡಿಗಳು. ಇವಕ್ಕೆ ಟ್ರ್ಯಾಪ್ ಅಂತಾರೆ. ಬಿದ್ದ ಎಲೆಕ್ಟ್ರಾನ್ ಅಲ್ಲೇ ಕೂರುತ್ತದೆ. ಯಾವಾಗಲೋ ಒಮ್ಮೆ ಬಿಸಿಯ ತಳ್ಳು ಸಿಕ್ಕಾಗ ಹೊರಗೆ ಜಿಗಿದು, ಸ್ವಲ್ಪ ದೂರ ಹೋಗಿ, ಮತ್ತೊಂದಕ್ಕೆ ಬೀಳುತ್ತದೆ. ಹಾಗಾಗಿ ಅದರ ಓಟ ಸಿಲಿಕಾನ್‌ಗಿಂತ ಕೋಟ್ಯಂತರ ಪಟ್ಟು ನಿಧಾನ.

ಈಗ ಫೀಲ್ಡ್ ಜೋರು ಮಾಡಿದರೆ ಗುಂಡಿಯ ಒಂದು ಕಡೆಯ ದಡ ತಗ್ಗುತ್ತದೆ. ಎಷ್ಟು ತಗ್ಗುತ್ತದೆ ಅನ್ನುವುದು ಫೀಲ್ಡಿನ ವರ್ಗಮೂಲದ ಲೆಕ್ಕ. ಇದೇ ಪೂಲ್-ಫ್ರೆಂಕೆಲ್. ಪಾಲಿಪ್ರೊಪಿಲೀನ್‌ನಲ್ಲಿ ಮೈಕ್ರಾನಿಗೆ 100 ವೋಲ್ಟ್ ಹಾಕಿದರೆ ದಡ ಅರ್ಧ ಎಲೆಕ್ಟ್ರಾನ್ ವೋಲ್ಟ್ ಇಳಿಯುತ್ತದೆ. 0.026ರ ಪಕ್ಕದಲ್ಲಿ ಅರ್ಧ ಅಂದರೆ ಬೆಟ್ಟ. ಫೀಲ್ಡ್ ಇಲ್ಲದಾಗ ಒಂದು ಎಲೆಕ್ಟ್ರಾನ್ ತಪ್ಪಿಸಿಕೊಳ್ಳುವ ಹೊತ್ತಿಗೆ ಈಗ ಕೋಟಿಗಟ್ಟಲೆ ತಪ್ಪಿಸಿಕೊಳ್ಳಬಹುದು.

ಷಾಟ್ಕಿಯಲ್ಲೂ ದಡ ತಗ್ಗುತ್ತದೆ. ಆದರೆ ಆ ದಡ ಲೋಹಕ್ಕೂ ಫಿಲ್ಮಿಗೂ ನಡುವಿನ ಗಡಿಯಲ್ಲಿದೆ, ಮತ್ತು ಅರ್ಧದಷ್ಟೇ ತಗ್ಗುತ್ತದೆ. ಲೋಹದಲ್ಲಿ ಎಲೆಕ್ಟ್ರಾನನ್ನು ಹಿಂದಕ್ಕೆ ಎಳೆಯುವುದು ಅದರದೇ ಪ್ರತಿಬಿಂಬ ಚಾರ್ಜ್, ಎಲೆಕ್ಟ್ರಾನ್ ದೂರ ಹೋದ ಹಾಗೆ ಅದೂ ಆ ಕಡೆ ದೂರ ಸರಿಯುತ್ತದೆ. ಟ್ರ್ಯಾಪಿನ ಪಾಸಿಟಿವ್ ಚಾರ್ಜ್ ಇದ್ದ ಕಡೆಯೇ ಇರುತ್ತದೆ. ಎರಡು ಪಟ್ಟು ವ್ಯತ್ಯಾಸ ಬರುವುದು ಅದರಿಂದ.

ಫ್ಯಾನ್ ವಿಷಯ ಬೇರೆಯವರು ಹೇಳಲಿ, ನಾನು ಚಾಕ್‌ಪೀಸ್ ಮನುಷ್ಯ.

ಪಿಕೋ_ಆಂಪಿಯರ್
@ಫಿಲ್ಮ್_ಹುಡುಗಿ, ಇಳಿಜಾರು ನೋಡಿ ಹೆಸರು ಹಚ್ಚುವ ಮೊದಲು ಒಂದು ಉಲ್ಟಾ ಲೆಕ್ಕ ಮಾಡಿ. ಇಳಿಜಾರಿನಿಂದ ಪರ್ಮಿಟಿವಿಟಿ, ಅಂದರೆ ಫೀಲ್ಡಿಗೆ ವಸ್ತು ಎಷ್ಟು ಮಣಿಯುತ್ತದೆ ಅನ್ನುವ ಅಳತೆ, ಎಷ್ಟು ಬರುತ್ತದೆ ನೋಡಿ. ನಿಮ್ಮ 0.0012 ಇಟ್ಟು ನಾನೇ ಮಾಡಿದೆ. ಷಾಟ್ಕಿ ಅಂದುಕೊಂಡರೆ 1.5. ಪೂಲ್-ಫ್ರೆಂಕೆಲ್ ಅಂದುಕೊಂಡರೆ 6. ಪಿಇಟಿಯದು ನಿಧಾನ ಫೀಲ್ಡಿಗೆ 3.2ರ ಆಸುಪಾಸು. ಬೆಳಕಿನಲ್ಲಿರುವಷ್ಟು ಬೇಗ ಬೇಗ ದಿಕ್ಕು ಬದಲಿಸುವ ಫೀಲ್ಡಿಗೆ, ಅಂದರೆ ವಕ್ರೀಭವನ ಸೂಚ್ಯಂಕದ ವರ್ಗ, 2.7. ಎಲೆಕ್ಟ್ರಾನ್ ಜಿಗಿಯುವುದು ಕ್ಷಣದ ಕೆಲಸ, ದೊಡ್ಡ ಡೈಪೋಲುಗಳು (ಒಂದು ತುದಿ ಪ್ಲಸ್, ಇನ್ನೊಂದು ಮೈನಸ್ ಇರುವ ಅಣುವಿನ ಭಾಗಗಳು) ಅಷ್ಟರಲ್ಲಿ ತಿರುಗಲಾರವು. ಅದಕ್ಕೇ 2.7ಕ್ಕೆ ಹತ್ತಿರ ಬರಬೇಕು ಅಂತ ಹೆಚ್ಚಿನವರ ವಾದ. ಏನೇ ಇರಲಿ, 1.5 ಅಲ್ಲ, 6 ಅಂತೂ ಖಂಡಿತ ಅಲ್ಲ.

ಎರಡೂ ಸರಿ ಬರದಿದ್ದಾಗ ನಡುವಿನದನ್ನು ಆರಿಸುವುದಲ್ಲ. ಅಳತೆಯನ್ನೇ ಅನುಮಾನಿಸಬೇಕು.

ಹಳೇ_ಟೆಸ್ಟರ್
1 ನಿಮಿಷ!! ಅಲ್ಲೇ ಇದೆ ಕಳ್ಳ.

ನಾನು ಮೂವತ್ತು ವರ್ಷ ಒಂದು ಕೆಪಾಸಿಟರ್ ಕಾರ್ಖಾನೆಯಲ್ಲಿ ಟೆಸ್ಟಿಂಗ್ ಮಾಡಿದವನು. ಹೆಸರು ಬೇಡ. ಫಿಲ್ಮಿಗೆ ವೋಲ್ಟೇಜ್ ಹಾಕಿದ ಕೂಡಲೇ ಬರುವುದು ಲೀಕೇಜ್ ಕರೆಂಟ್ ಅಲ್ಲ. ಡೈಪೋಲುಗಳು ನಿಧಾನವಾಗಿ ಹೊರಳುತ್ತವೆ, ಚಾರ್ಜುಗಳು ಗುಂಡಿಗಳಲ್ಲಿ ತುಂಬಿಕೊಳ್ಳುತ್ತವೆ. ಅದಕ್ಕೇ ಒಂದು ಕರೆಂಟ್ ಬೇಕು. ಹೊತ್ತು ಕಳೆದ ಹಾಗೆ ಅದು ಇಳಿಯುತ್ತದೆ, ಹೆಚ್ಚುಕಡಿಮೆ ಸಮಯದ ವಿಲೋಮದಲ್ಲಿ. 1889ರಲ್ಲೇ ಜಾಕ್ ಕ್ಯೂರಿ ಇದನ್ನು ಬರೆದಿಟ್ಟರು, 1907ರಲ್ಲಿ ಫಾನ್ ಶ್ವೈಡ್ಲರ್. 1 ನಿಮಿಷಕ್ಕೆ 60 ಪಿಕೋ ಇದ್ದರೆ 1 ಗಂಟೆಗೆ 1 ಪಿಕೋ. ನೀವು 1 ನಿಮಿಷಕ್ಕೆ ಓದಿದ್ದು ಎರಡರ ಮೊತ್ತ.

ತಮಾಷೆ ಏನೆಂದರೆ ಈ ಹೀರಿಕೆ ಕರೆಂಟ್ ಫೀಲ್ಡಿನ ಜೊತೆ ನೇರವಾಗಿ ಏರುತ್ತದೆ. ಫೀಲ್ಡ್ 3 ಪಟ್ಟು, ಇದೂ 3 ಪಟ್ಟು. ನಿಜವಾದ ಕರೆಂಟ್ ಏರುವುದು ಸಾವಿರದ ಲೆಕ್ಕದಲ್ಲಿ. ಹಾಗಾಗಿ ಮೇಲಿನ ತುದಿಯಲ್ಲಿ ಹೀರಿಕೆ ಕಣ್ಣಿಗೇ ಬೀಳಲ್ಲ, ಕೆಳಗಿನ ತುದಿಯಲ್ಲಿ ಅದೇ ಯಜಮಾನ. ಗೆರೆಯ ಬಾಲ ಎತ್ತಿಬಿಡುತ್ತದೆ, ಇಳಿಜಾರು ಸಪ್ಪೆ ಆಗುತ್ತದೆ.

ಗ್ರಾಫ್ ಇನ್ನೊಮ್ಮೆ ನೋಡಿ ತಾಯಿ. ಎರಡು ತುದಿಯ ಬಿಂದುಗಳು ಗೆರೆಗಿಂತ ಸ್ವಲ್ಪ ಮೇಲೆ, ನಡುವಿನವು ಸ್ವಲ್ಪ ಕೆಳಗೆ ಇವೆಯಾ?

ಫಿಲ್ಮ್_ಹುಡುಗಿ
ಇವೆ ಸರ್. 😳 "ಹೆಚ್ಚುಕಡಿಮೆ ನೇರ" ಅಂತ ಬರೆದಿದ್ದು ಅದಕ್ಕೇ. ಗೆರೆ ಚೆನ್ನಾಗಿ ಕೂತಿದೆ ಅಂತ ಸಾಫ್ಟ್‌ವೇರ್ ಹೇಳಿತು, ನಾನೂ ಸುಮ್ಮನಾದೆ.

ಹಳೇ_ಟೆಸ್ಟರ್
ಮಾಡುವುದು ಇಷ್ಟೇ. ಪ್ರತಿ ವೋಲ್ಟೇಜಿಗೂ 1 ಗಂಟೆ ಇಡಿ. ಆಮೇಲೆ ಸಪ್ಲೈ ತೆಗೆದು ಎರಡೂ ಎಲೆಕ್ಟ್ರೋಡನ್ನು ಮೀಟರಿನ ಮೂಲಕ ಶಾರ್ಟ್ ಮಾಡಿ, ಇನ್ನೊಂದು ಗಂಟೆ ಉಲ್ಟಾ ಕರೆಂಟ್ ಬರೆದುಕೊಳ್ಳಿ. ಹೀರಿಕೊಂಡಿದ್ದೆಲ್ಲ ವಾಪಸ್ ಬರುತ್ತದೆ, ಹೀರುವಾಗಿನ ಕನ್ನಡಿ ಬಿಂಬದ ಹಾಗೆ. ನಿಜವಾಗಿ ಹರಿದುಹೋದದ್ದು ವಾಪಸ್ ಬರಲ್ಲ. ಎರಡನ್ನೂ ಅದೇ ಸಮಯದ ಲೆಕ್ಕದಲ್ಲಿ ಕಳೆದರೆ ಉಳಿಯುವುದೇ ನಿಮಗೆ ಬೇಕಾದ ಕರೆಂಟ್. ಇಡೀ ದಿನದ ಕೆಲಸ. ಬೇಜಾರು ಆಗುತ್ತೆ. ಅಡ್ಡದಾರಿ ಇಲ್ಲ.

ಪಿಕೋ_ಆಂಪಿಯರ್
ಇದಕ್ಕೆ ನನ್ನದೊಂದು ಬಾಲಂಗೋಚಿ. ನಿಮ್ಮ ಸ್ಯಾಂಪಲ್ಲೇ ಒಂದು ಕೆಪಾಸಿಟರ್, ಸುಮಾರು 2.4 ನ್ಯಾನೋ ಫ್ಯಾರಡ್. ಸಪ್ಲೈ ಸೆಕೆಂಡಿಗೆ 1 ಮಿಲಿವೋಲ್ಟ್ ಜಾರಿದರೂ ಮೀಟರಿನಲ್ಲಿ 2.4 ಪಿಕೋ ಆಂಪಿಯರ್ ಕಾಣುತ್ತದೆ. 480 ವೋಲ್ಟಿನಲ್ಲಿ 1 ಮಿಲಿವೋಲ್ಟ್! ಕೆಳಗಿನ ತುದಿಯಲ್ಲಿ ನಿಮ್ಮ ನಿಜವಾದ ಕರೆಂಟೇ ಅಷ್ಟಿರಬಹುದು. ಸಪ್ಲೈಯನ್ನು ಎರಡು ಗಂಟೆ ಮೊದಲೇ ಆನ್ ಮಾಡಿ ಬಿಸಿಯಾಗಲು ಬಿಡಿ. ಕೇಬಲ್ ಅಲ್ಲಾಡಿಸಬೇಡಿ, ಕೋಆಕ್ಸಿಯಲ್ ಕೇಬಲ್ ಬಗ್ಗಿದರೂ ಒಳಗಿನ ಉಜ್ಜಾಟಕ್ಕೆ ಪಿಕೋ ಆಂಪಿಯರುಗಳು ಹುಟ್ಟುತ್ತವೆ. ಫಿಲ್ಮಿನ ಮೈಮೇಲೆ ಹರಿಯುವ ಕರೆಂಟ್ ಮೀಟರಿಗೆ ಹೋಗದಂತೆ ತಡೆಯುವ ಗಾರ್ಡ್ ರಿಂಗ್ ಇದೆ ತಾನೆ?

ಫಿಲ್ಮ್_ಹುಡುಗಿ
ಗಾರ್ಡ್ ರಿಂಗ್ ಇದೆ. ತೇವದ್ದೇ ಭಯ. ನಮ್ಮದು ಕರಾವಳಿ, ಈಗ ಮಳೆಗಾಲ ಬೇರೆ.

ಹಳೇ_ಟೆಸ್ಟರ್
ಹಾಗಾದರೆ ವ್ಯಾಕ್ಯೂಮ್ ಚೇಂಬರಿನಲ್ಲಿ ಇಡಿ. ಇಲ್ಲದಿದ್ದರೆ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬ. ನಮ್ಮಲ್ಲಿ ಒಂದು ವರ್ಷ ಮಳೆಗಾಲದಲ್ಲಿ ಬಂದ ರೋಲುಗಳನ್ನು ಒಣಗಿಸದೆ ಸುತ್ತಿಬಿಟ್ಟರು. ಲೀಕೇಜ್ ಎರಡರಷ್ಟು. ಬೈಸಿಕೊಂಡವನು ನಾನು, ಸುತ್ತಿದವನಲ್ಲ.

ಅಯಾನ್_ಅಣ್ಣ
ಎಲ್ಲರೂ ಎಲೆಕ್ಟ್ರಾನ್ ಎಲೆಕ್ಟ್ರಾನ್ ಅಂತಿದ್ದೀರಿ. ಅಯಾನುಗಳನ್ನು ಯಾಕೆ ಮರೆತಿರಿ? ಪಿಇಟಿ ತಯಾರಿಸುವಾಗ ಆಂಟಿಮನಿ ಸಂಯುಕ್ತವನ್ನು ಕ್ಯಾಟಲಿಸ್ಟ್ ಆಗಿ ಹಾಕುತ್ತಾರೆ, ಅದರ ಚೂರುಪಾರು ಒಳಗೇ ಉಳಿಯುತ್ತದೆ. ಅಯಾನು ಒಂದು ಜಾಗದಿಂದ ಪಕ್ಕದ ಜಾಗಕ್ಕೆ ನೆಗೆಯುತ್ತಾ ಹೋದರೆ, ಜೋರು ಫೀಲ್ಡಿನಲ್ಲಿ ಕರೆಂಟಿನ ಲಾಗ್ ಫೀಲ್ಡಿನ ಜೊತೆ ನೇರವಾಗಿ ಏರುತ್ತದೆ, ವರ್ಗಮೂಲದ ಜೊತೆ ಅಲ್ಲ. ಬರೀ 3 ಪಟ್ಟು ಫೀಲ್ಡ್ ವ್ಯಾಪ್ತಿಯಲ್ಲಿ ಎರಡೂ ಗ್ರಾಫ್ ನೇರವಾಗೇ ಕಾಣುತ್ತವೆ. ನೇರ ಗೆರೆ ನೋಡಿ ಪೂಲ್-ಫ್ರೆಂಕೆಲ್ ಅನ್ನುವುದು, ಹೊಗೆ ನೋಡಿ ಇದು ಬೀಡಿ ಹೊಗೆಯೇ ಅನ್ನುವ ಹಾಗೆ.

ಫಿಸಿಕ್ಸ್_ಮೇಷ್ಟ್ರು
😄 ಅಣ್ಣನ ಮಾತಲ್ಲಿ ಇತಿಹಾಸದ ಒಂದು ವ್ಯಂಗ್ಯ ಇದೆ. 1916ರಲ್ಲಿ ಪೂಲ್ ಮೈಕಾ ಮೇಲೆ ಅಳೆದಾಗ ಅವರಿಗೆ ಸಿಕ್ಕಿದ್ದು ಅದೇ: ವಾಹಕತೆಯ ಲಾಗ್ ಫೀಲ್ಡಿನ ಜೊತೆ ನೇರ. ವರ್ಗಮೂಲ ತಂದವರು ಫ್ರೆಂಕೆಲ್, 1938ರ ಒಂದು ಪುಟ್ಟ ಲೇಖನದಲ್ಲಿ. ಎರಡು ಬೇರೆ ಬೇರೆ ಸೂತ್ರಗಳ ಇಬ್ಬರ ಹೆಸರು ಹೈಫನ್ ಹಾಕಿ ಸೇರಿಕೊಂಡಿದೆ. ಗುಂಡಿಗಳು ತೀರಾ ಒತ್ತೊತ್ತಾಗಿದ್ದರೆ ಎಲೆಕ್ಟ್ರಾನಿಗೂ ಪೂಲ್ ಸೂತ್ರವೇ ಬರುತ್ತದೆ ಅನ್ನುವುದು ಆಮೇಲೆ ಗೊತ್ತಾದದ್ದು.

ಅಯಾನು ಅನ್ನುವವರಿಗೆ ಒಂದು ಪರೀಕ್ಷೆ ಇದೆ. ಇಳಿಜಾರಿನಿಂದ ನೆಗೆತದ ದೂರ ಲೆಕ್ಕ ಹಾಕಬಹುದು. ಅದು ನಂಬುವಂತೆ ಇರಬೇಕು. ಪಿಇಟಿ ಸರಪಳಿಯಲ್ಲಿ ಮರುಕಳಿಸುವ ಒಂದು ಘಟಕದ ಉದ್ದವೇ ಸುಮಾರು 1 ನ್ಯಾನೋಮೀಟರ್.

ಪಿಕೋ_ಆಂಪಿಯರ್
ಇನ್ನೊಂದು ಸಿಕ್ಕು. 1967ರಲ್ಲಿ ಸಿಮನ್ಸ್ ತೋರಿಸಿದ್ದು: ಫಿಲ್ಮಿನಲ್ಲಿ ಎಲೆಕ್ಟ್ರಾನ್ ಕೊಡುವ ಕೇಂದ್ರಗಳೂ ಹಿಡಿಯುವ ಟ್ರ್ಯಾಪುಗಳೂ ಒಟ್ಟಿಗೆ ಇದ್ದರೆ ಪೂಲ್-ಫ್ರೆಂಕೆಲ್ ಇಳಿಜಾರು ಅರ್ಧಕ್ಕೆ ಇಳಿದು ಷಾಟ್ಕಿಯದ್ದರಂತೆಯೇ ಆಗಬಹುದು. ಕೆಲಸ ನಡೆಯುವುದು ಫಿಲ್ಮಿನ ಹೊಟ್ಟೆಯಲ್ಲಿ, ಇಳಿಜಾರು ಹೇಳುವುದು ಬಾಗಿಲಲ್ಲಿ ಅಂತ.

ಅದಕ್ಕೇ ಇಳಿಜಾರಿನ ಜೊತೆ ಇನ್ನೆರಡು ಅಳತೆ ಬೇಕೇ ಬೇಕು.

ಎಲೆಕ್ಟ್ರೋಡ್ ಬದಲಿಸಿ. ಒಂದು ಕಡೆ ಚಿನ್ನ, ಒಂದು ಕಡೆ ಅಲ್ಯೂಮಿನಿಯಂ. ಪ್ಲಸ್ ಮೈನಸ್ ಅದಲುಬದಲು ಮಾಡಿ. ಷಾಟ್ಕಿ ಆದರೆ ಕರೆಂಟ್ ಬದಲಾಗಬೇಕು, ಏಕೆಂದರೆ ಎರಡು ಲೋಹಗಳ ಬಾಗಿಲು ಬೇರೆ ಎತ್ತರದ್ದು.

ದಪ್ಪ ಬದಲಿಸಿ, ಫೀಲ್ಡ್ ಅಷ್ಟೇ ಇಡಿ. ಷಾಟ್ಕಿ, ಪೂಲ್-ಫ್ರೆಂಕೆಲ್ ಎರಡಕ್ಕೂ ಫೀಲ್ಡ್ ಮಾತ್ರ ಮುಖ್ಯ, ಕರೆಂಟ್ ಅಷ್ಟೇ ಇರಬೇಕು. ಒಳಗೆ ಚಾರ್ಜ್ ಜಮಾ ಆಗಿ ದಾರಿ ಕಟ್ಟುತ್ತಿದ್ದರೆ, ಅಂದರೆ ಸ್ಪೇಸ್ ಚಾರ್ಜ್ ಮಿತಿಯ ಕರೆಂಟ್ ಆದರೆ, ಅದು ವೋಲ್ಟೇಜಿನ ವರ್ಗವನ್ನು ದಪ್ಪದ ಘನದಿಂದ ಭಾಗಿಸಿದ ಲೆಕ್ಕ. ಫೀಲ್ಡ್ ಅಷ್ಟೇ ಇಟ್ಟು ದಪ್ಪ ಎರಡರಷ್ಟು ಮಾಡಿದರೆ ಕರೆಂಟ್ ಅರ್ಧ ಆಗುತ್ತದೆ.

ಅಯಾನ್_ಅಣ್ಣ
ಎಲೆಕ್ಟ್ರೋಡ್ ಪರೀಕ್ಷೆ ಕಾಗದದ ಮೇಲೆ ಚೆಂದ. ಚಿನ್ನಕ್ಕೂ ಅಲ್ಯೂಮಿನಿಯಮ್ಮಿಗೂ ಸುಮಾರು 1 ಎಲೆಕ್ಟ್ರಾನ್ ವೋಲ್ಟ್ ವ್ಯತ್ಯಾಸ. ಪುಸ್ತಕದ ಷಾಟ್ಕಿ ನಂಬಿದರೆ ಕರೆಂಟ್ ಕೋಟಿ ಕೋಟಿ ಪಟ್ಟು ಬದಲಾಗಬೇಕು. ಯಾರೂ ಹಾಗೆ ಕಂಡಿಲ್ಲ. ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ, ಫಿಲ್ಮಿನ ಮೈಮೇಲೆ ಮೊದಲೇ ಕೂತ ಚಾರ್ಜು, ಇವೆಲ್ಲ ಸೇರಿ ವ್ಯತ್ಯಾಸ ನುಂಗಿಬಿಡುತ್ತವೆ. ಬದಲಾದರೆ ಷಾಟ್ಕಿ ಇರಬಹುದು. ಬದಲಾಗದಿದ್ದರೆ ಷಾಟ್ಕಿ ಅಲ್ಲವೇ ಅಲ್ಲ ಅನ್ನಲು ಬರಲ್ಲ.

ಪಿಕೋ_ಆಂಪಿಯರ್
ಒಪ್ಪಿದೆ. ಒಂದೇ ಸಾಕ್ಷಿಗೆ ತೀರ್ಪು ಬೇಡ.

ಕೇಬಲ್_ಗೆಳೆಯ
ಈ ಚರ್ಚೆ ಬರೀ ಥಿಯರಿ ಅಲ್ಲ ಅಂತ ಹೇಳಲು ಬಂದೆ. ಡಿಸಿ ಕೇಬಲಿನಲ್ಲಿ ಫೀಲ್ಡ್ ಹೇಗೆ ಹಂಚಿಕೊಳ್ಳುತ್ತದೆ ಅನ್ನುವುದನ್ನು ತೀರ್ಮಾನಿಸುವುದೇ ಈ ಪುಟ್ಟ ಲೀಕೇಜ್. ಎಸಿಯಲ್ಲಿ ಪರ್ಮಿಟಿವಿಟಿ ಹಂಚುತ್ತದೆ. ಡಿಸಿಯಲ್ಲಿ ವಾಹಕತೆ ಹಂಚುತ್ತದೆ. ಲೋಡ್ ಬಿದ್ದಾಗ ಒಳಗಿನ ತಾಮ್ರ ಬಿಸಿ, ಅದರ ಪಕ್ಕದ ಪ್ಲಾಸ್ಟಿಕ್ ಬಿಸಿ, ಅಲ್ಲಿ ಲೀಕೇಜ್ ಜಾಸ್ತಿ. ಆಗ ಫೀಲ್ಡ್ ಒಳಗಿನಿಂದ ಹೊರಗಿನ ಪದರಕ್ಕೆ ಜಾರುತ್ತದೆ. ಎಸಿ ಕಲಿತು ಬಂದವರಿಗೆ ಇದು ತಲೆಕೆಳಗಾದ ಲೋಕ.

ಪಾಲಿಥೀನ್ ಒಳಗೆ ಚಾರ್ಜ್ ಕೂತುಬಿಟ್ಟರೆ ಇನ್ನೊಂದು ತಾಪತ್ರಯ. ಪ್ಲಸ್ ಮೈನಸ್ ಅದಲುಬದಲಾದ ಕ್ಷಣ, ಕೂತ ಚಾರ್ಜಿನ ಫೀಲ್ಡೂ ಹೊರಗಿನ ಫೀಲ್ಡೂ ಒಂದೇ ಕಡೆ ಸೇರಿ ಕೇಬಲ್ ಸೀಳಬಹುದು. ಅದಕ್ಕೇ ಹಳೇ ಥೈರಿಸ್ಟರ್ ಎಚ್‌ವಿಡಿಸಿಗೆ (ಭಾರಿ ವೋಲ್ಟೇಜಿನ ಡಿಸಿ ಲೈನಿಗೆ) ಎಣ್ಣೆ ಕುಡಿಸಿದ ಕಾಗದದ ಕೇಬಲ್ಲೇ ಗತಿಯಾಗಿತ್ತು, ಅಲ್ಲಿ ವಿದ್ಯುತ್ ದಿಕ್ಕು ಬದಲಿಸಲು ವೋಲ್ಟೇಜನ್ನೇ ತಿರುಗಿಸಬೇಕು. ವೋಲ್ಟೇಜ್ ತಿರುಗಿಸದೆ ದಿಕ್ಕು ಬದಲಿಸುವ ಕನ್ವರ್ಟರ್ ಬಂದ ಮೇಲೆ ಪ್ಲಾಸ್ಟಿಕ್ಕಿಗೆ ಬಾಗಿಲು ತೆರೆಯಿತು. 1999ರಲ್ಲಿ ಸ್ವೀಡನ್ನಿನ ಗಾಟ್ಲಂಡ್, 80 ಸಾವಿರ ವೋಲ್ಟ್. ನಮ್ಮ ಪಕ್ಕದಲ್ಲೇ ತಮಿಳುನಾಡಿನ ಪುಗಳೂರಿನಿಂದ ಕೇರಳದ ತ್ರಿಶೂರಿಗೆ 2021ರಲ್ಲಿ ಶುರುವಾದ ಲೈನು 320 ಸಾವಿರ ವೋಲ್ಟಿನದು. ಅದರಲ್ಲಿ ಒಂದು ಭಾಗ ನೆಲದಡಿಯ ಪಾಲಿಥೀನ್ ಕೇಬಲ್. ನಮ್ಮ ಕೋಲಾರಕ್ಕೆ ಒಡಿಶಾದ ತಾಲ್ಚೇರಿನಿಂದ ಬರುವ 500 ಸಾವಿರ ವೋಲ್ಟಿನ ಲೈನು ಕಂಬದ ಮೇಲಿನದು, ಅದಕ್ಕೆ ಈ ತಲೆನೋವಿಲ್ಲ.

ಸುಮ್ನೆ_ಓದುಗ
ಫ್ಯಾನ್? 🙋

ಹಳೇ_ಟೆಸ್ಟರ್
ಬಂದೆ ಬಂದೆ. ಫ್ಯಾನ್ ಕೆಪಾಸಿಟರಿನಲ್ಲಿ ಇರುವುದು ಪಿಇಟಿ ಅಲ್ಲ, ಪಾಲಿಪ್ರೊಪಿಲೀನ್. ಪಿಇಟಿಯಲ್ಲಿ ಡೈಪೋಲುಗಳಿವೆ, ಎಸಿ ಹಾಕಿದರೆ ಅವು ಆ ಕಡೆ ಈ ಕಡೆ ಹೊರಳಿ ಬಿಸಿಯಾಗುತ್ತವೆ. ಪಾಲಿಪ್ರೊಪಿಲೀನಿನಲ್ಲಿ ಆ ನಷ್ಟ ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆ. ಅದರ ಮೇಲೆ ಕೆಲವೇ ಹತ್ತು ನ್ಯಾನೋಮೀಟರ್ ದಪ್ಪದ ಲೋಹ. ಎಲ್ಲೋ ಒಂದು ದುರ್ಬಲ ಚುಕ್ಕೆಯಲ್ಲಿ ಲೀಕೇಜ್ ಏರಿ ಏರಿ ಫಿಲ್ಮ್ ತೂತಾದರೆ, ಆ ಕಿಡಿಗೆ ಸುತ್ತಲಿನ ಲೋಹ ಆವಿಯಾಗಿ ಹೋಗುತ್ತದೆ. ತೂತಿನ ಸುತ್ತ ಲೋಹವೇ ಇಲ್ಲ, ಹಾಗಾಗಿ ಶಾರ್ಟ್ ಆಗಲ್ಲ. ಗಾಯ ತಾನೇ ಮಾಯುತ್ತದೆ. ಆದರೆ ಪ್ರತಿ ಸಲ ಚೂರು ಲೋಹ ಕಮ್ಮಿ. ವರ್ಷಗಟ್ಟಲೆ ಹೀಗೇ ನಡೆದು 2.5 ಮೈಕ್ರೋ ಫ್ಯಾರಡ್ ಇದ್ದದ್ದು 1.5ಕ್ಕೆ ಇಳಿದರೆ ಫ್ಯಾನ್ ನಿಧಾನ. ನಿಮ್ಮ ಕೆಪಾಸಿಟರ್ ಒಂದೇ ಸಲ ಸತ್ತದ್ದಲ್ಲ, ಚುಕ್ಕೆ ಚುಕ್ಕೆಯಾಗಿ ಸತ್ತದ್ದು.

ಫಿಲ್ಮ್_ಹುಡುಗಿ
ಹನ್ನೊಂದು ದಿನ ಆಯ್ತು. ಶುಕ್ರವಾರ ಹೋಯಿತು, ಗೈಡ್ ಬೈದರು, ಆಮೇಲೆ ಡೇಟಾ ನೋಡಿ ಸುಮ್ಮನಾದರು.

ಪ್ರತಿ ವೋಲ್ಟೇಜಿಗೂ 1 ಗಂಟೆ ಹಾಕಿ, 1 ಗಂಟೆ ಶಾರ್ಟ್. ವ್ಯಾಕ್ಯೂಮಿನಲ್ಲಿ. ಕಳೆದ ಮೇಲೆ 480 ವೋಲ್ಟಿನಲ್ಲಿ ಉಳಿದದ್ದು ಬರೀ 2 ಪಿಕೋ ಆಂಪಿಯರ್! ಮೊದಲು ಓದಿದ 20ರಲ್ಲಿ 18 ಹೀರಿಕೆಯದ್ದೇ. 1440ರಲ್ಲಿ ಹೆಚ್ಚು ಬದಲಾವಣೆ ಇಲ್ಲ, 5 ನ್ಯಾನೋ. ಟೆಸ್ಟರ್ ಸರ್ ಹೇಳಿದ ಹಾಗೇ.

ಹೊಸ ಇಳಿಜಾರು 0.0017. ಬಿಂದುಗಳು ಈ ಸಲ ಗೆರೆಯ ಎರಡೂ ಕಡೆ ಚೆಲ್ಲಾಪಿಲ್ಲಿ, ಬಾಗಿಲ್ಲ. ಪರ್ಮಿಟಿವಿಟಿ ಲೆಕ್ಕ: ಪೂಲ್-ಫ್ರೆಂಕೆಲ್‌ಗೆ 3.0. ಷಾಟ್ಕಿಗೆ 0.75. ಖಾಲಿ ಜಾಗಕ್ಕೇ 1 ಇರುವಾಗ 0.75 ಹೇಗೆ ಬರುತ್ತೆ!

ಅಯಾನ್ ಅಣ್ಣನ ಲೆಕ್ಕವನ್ನೂ ಮಾಡಿದೆ. ನೆಗೆತದ ದೂರ 5 ನ್ಯಾನೋಮೀಟರ್ ಬಂತು. ಸರಪಳಿಯ ಐದು ಘಟಕ ಒಂದೇ ಹಾರಿಗೆ ದಾಟುವ ಅಯಾನು.

23 ಮೈಕ್ರಾನ್ ಫಿಲ್ಮ್ ಕೂಡ ಅಳೆದೆ. ಅದೇ ಫೀಲ್ಡಿಗೆ ಕರೆಂಟ್ ಶೇಕಡ 15ರೊಳಗೆ ಅಷ್ಟೇ. ಚಿನ್ನ-ಅಲ್ಯೂಮಿನಿಯಂ ಅದಲುಬದಲು ಮಾಡಿದರೂ ದೊಡ್ಡ ವ್ಯತ್ಯಾಸ ಇಲ್ಲ.

ಅಯಾನ್_ಅಣ್ಣ
5 ನ್ಯಾನೋಮೀಟರ್ ಜಾಸ್ತಿ ಆಯ್ತು, ಒಪ್ಪುತ್ತೇನೆ. 27 ಡಿಗ್ರಿಗೆ ನನ್ನ ಅಯಾನು ಸೋತಿತು. ಆದರೆ 80 ಡಿಗ್ರಿ ದಾಟಿಸಿ ನೋಡಿ, ಪಿಇಟಿ ಗ್ಲಾಸ್ ಸ್ಥಿತಿಯಿಂದ ಮೆತ್ತಗಾದ ಮೇಲೆ. ಆಗ ಮಾತಾಡೋಣ.

ಪಿಕೋ_ಆಂಪಿಯರ್
ಬಿಸಿ ಮಾಡುವುದಾದರೆ 80ರ ಕೆಳಗೂ ನಾಲ್ಕೈದು ಉಷ್ಣತೆಯಲ್ಲಿ ಅಳೆಯಿರಿ. ಪೂಲ್-ಫ್ರೆಂಕೆಲ್ ನಿಜವಾದರೆ ಜಿಗಿಯಲು ಬೇಕಾದ ಶಕ್ತಿ ಫೀಲ್ಡ್ ಏರಿದಂತೆ ಇಳಿಯಬೇಕು. ನಿಮ್ಮ ಇಳಿಜಾರಿನ ಪ್ರಕಾರ ಮೈಕ್ರಾನಿಗೆ 40 ವೋಲ್ಟಿನಿಂದ 120ಕ್ಕೆ ಹೋದಾಗ 0.2 ಎಲೆಕ್ಟ್ರಾನ್ ವೋಲ್ಟ್ ಕಡಿಮೆ ಆಗಬೇಕು. ಅಳೆಯುವ ಮೊದಲೇ ಆ 0.2 ಅನ್ನು ನೋಟ್‌ಬುಕ್ಕಿನಲ್ಲಿ ಬರೆದು ತಾರೀಖು ಹಾಕಿ.

ಫಿಲ್ಮ್_ಹುಡುಗಿ
ಬರೆದೆ. ಓವನ್ ಸೋಮವಾರ ಸಿಗುತ್ತೆ. ಅಲ್ಲಿವರೆಗೆ ರಿಪೋರ್ಟಿನಲ್ಲಿ "27 ಡಿಗ್ರಿಯಲ್ಲಿ ಪೂಲ್-ಫ್ರೆಂಕೆಲ್ ಮಾದರಿಗೆ ಹೊಂದುತ್ತದೆ" ಅಂತ ಹಾಕಿದ್ದೇನೆ.

ಸುಮ್ನೆ_ಓದುಗ
ನಾನು ಹಳೇ ಕೆಪಾಸಿಟರ್ ಬಿಸಾಡಿರಲಿಲ್ಲ. ಡಬ್ಬಿ ಕತ್ತರಿಸಿ ಸುರುಳಿ ಬಿಚ್ಚಿ ಕಿಟಕಿಗೆ ಹಿಡಿದೆ. ಬೆಳ್ಳಿ ಬಣ್ಣದ ಫಿಲ್ಮಿನ ತುಂಬ ಬೆಳಕು ಹಾಯುವ ಸಣ್ಣ ಸಣ್ಣ ಚುಕ್ಕೆ, ನುಸಿ ತಿಂದ ಸೀರೆ ಥರ. ಒಂದು ಮೊಳದಲ್ಲಿ ನಲವತ್ತರವರೆಗೆ ಎಣಿಸಿದೆ, ಆಮೇಲೆ ಹೆಂಡತಿ ಊಟಕ್ಕೆ ಕರೆದಳು.